ಬಿದನೂರಿನ ಬಚ್ಚಲುಮನೆ ಕೊಲೆ

1757ರಲ್ಲಿ ಬಿದನೂರಿನ ಅರಮನೆಯಲ್ಲಿ ಚೆನ್ನಬಸಪ್ಪ ನಾಯಕ ಸತ್ತ. ಪಟ್ಟಕ್ಕೆ ಬಂದು ಎರಡು-ಮೂರು ವರ್ಷವಾಗಿತ್ತಷ್ಟೆ, ಇನ್ನೂ ಹುಡುಗ. ಹೊಟ್ಟೆಯಲ್ಲಿ ಹುಟ್ಟಿದವನಲ್ಲ, ಎರಡನೇ ಬಸಪ್ಪ ನಾಯಕ ದತ್ತು ತಂದುಕೊಂಡವನು. ಸತ್ತ ಎನ್ನುವಲ್ಲಿಗೆ ನಿಜ ಸಂಗತಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಕಥೆ.

ಕಥೆ ಹೀಗಿದೆ. ಗಂಡ ಬಸಪ್ಪ ನಾಯಕ ತೀರಿಕೊಂಡ ಮೇಲೆ ರಾಣಿ ವೀರಮ್ಮಾಜಿ ನಿಂಬಯ್ಯನೆಂಬವನ ಸಂಗ ಮಾಡಿದಳು. ಹುಡುಗ ಅರಸನಿಗೆ ಅದು ಗೊತ್ತಾಯಿತು, ಆಡಿಯೂ ತೋರಿಸಿದ. ಒಂದು ದಿನ ಬಚ್ಚಲುಮನೆಯಲ್ಲಿ ಅವನಿಗೆ ಎಣ್ಣೆ ತಿಕ್ಕಿ ಮೈ ನೀವುತ್ತಿದ್ದ ಜಟ್ಟಿ, ನೀವುತ್ತಾ ನೀವುತ್ತಾ ಕುತ್ತಿಗೆ ಮುರಿದ. ರಕ್ತವಿಲ್ಲ, ಕತ್ತಿಯಿಲ್ಲ, ಕೂಗೂ ಇಲ್ಲ. ಮಲೆನಾಡಿನವರಿಗೆ ಬಚ್ಚಲುಮನೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಂಡೆ, ಹಬೆ, ಹೊಗೆ, ಹೊರಗೆ ಬಿಡದೆ ಹುಯ್ಯುವ ಮಳೆ. ಒಳಗೆ ಯಾರು ಕೂಗಿದರೂ ಜಗಲಿಯವರಿಗೆ ಕೇಳುವುದಿಲ್ಲ.

ನಾನು ನಗರ ಹೋಬಳಿಯವನು. ಬಿದನೂರು ಈಗ ಹೊಸನಗರ ತಾಲ್ಲೂಕಿನ ಆ ನಗರ. ಹೆಸರಿಗೆ ನಗರ, ಇರುವುದು ನಾಲ್ಕು ಅಂಗಡಿ, ಒಂದು ಕೋಟೆ, ಒಂದು ಕೆರೆ. ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನಿಗೆ ಕೊರಿಯಾದ ಸಿನಿಮಾದ ಹುಚ್ಚು ಹತ್ತಿಸಿದವನು ತಂಗಿಯ ಮಗ. ಬೆಂಗಳೂರಿನಿಂದ ಬಂದವನು ಅಡಿಕೆ ಸುಲಿಯುವ ರಾತ್ರಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, “ಮಾವ, ಇದು ಸೇಡಿನ ಕಥೆ, ನಿಮಗೆ ತಡೆಯೋದು ಕಷ್ಟ” ಎಂದ. ತಡೆಯುವುದಕ್ಕೇನು! ಘಟ್ಟ ಹತ್ತಿ ಬರುವ ಮಂದಾರ್ತಿ ಮೇಳದ ಹರಕೆಯಾಟದಲ್ಲಿ ಭೀಮ ದುಶ್ಶಾಸನನ ಎದೆ ಬಗೆಯುವುದನ್ನು ನೋಡಲೆಂದೇ ಬೆಳಗಿನ ಜಾವದವರೆಗೆ ನಿದ್ದೆಗೆಟ್ಟವರು ನಾವು. ಅತ್ತ ಸಾಗರದ ಹೆಗ್ಗೋಡಿನಲ್ಲಿ 1973ರಲ್ಲೇ ನೀನಾಸಮ್ ಚಿತ್ರಸಮಾಜ ಶುರುವಾಗಿ, ತೋಟದ ಕೆಲಸ ಮುಗಿಸಿ ಬಂದವರಿಗೆ ಕೆ.ವಿ. ಸುಬ್ಬಣ್ಣನವರು ದೇಶವಿದೇಶದ ಸಿನಿಮಾ ತೋರಿಸಿದ್ದರು. ಗೊತ್ತಿಲ್ಲದ ಭಾಷೆಯ ಸಿನಿಮಾ ನೋಡುವ ಅಭ್ಯಾಸ ಈ ಸೀಮೆಗೆ ಮೊಬೈಲು ತಂದುಕೊಟ್ಟದ್ದಲ್ಲ.

ಆದರೂ ಕೊರಿಯಾದವರ ಸೇಡಿನಲ್ಲಿ ಬೇರೇನೋ ಇತ್ತು. ಹಿಂದಿ, ತೆಲುಗು, ನಮ್ಮದೇ ಕನ್ನಡದ ಸೇಡಿನ ಚಿತ್ರಗಳಲ್ಲಿ ಖಳ ಬಿದ್ದ ಮೇಲೆ ಲೆಕ್ಕ ಚುಕ್ತಾ. ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ಪಾರ್ಕ್ ಚಾನ್-ವುಕ್ ಮೂರು ಸೇಡಿನ ಚಿತ್ರ ಮಾಡಿದ: 2002ರ ‘ಸಿಂಪಥಿ ಫಾರ್ ಮಿಸ್ಟರ್ ವೆಂಜೆನ್ಸ್’, 2003ರ ‘ಓಲ್ಡ್‌ಬಾಯ್’, 2005ರ ‘ಲೇಡಿ ವೆಂಜೆನ್ಸ್’. ಮೂರರಲ್ಲೂ ಸೇಡು ತೀರುತ್ತದೆ, ಲೆಕ್ಕ ತೀರುವುದಿಲ್ಲ. ತೀರಿಸಿಕೊಂಡವನೇ ಹೆಚ್ಚು ಹಾಳಾಗಿರುತ್ತಾನೆ. ‘ಓಲ್ಡ್‌ಬಾಯ್’ 2004ರಲ್ಲಿ ಕಾನ್ ಉತ್ಸವದ ಗ್ರ್ಯಾಂಡ್ ಪ್ರಿ ಗೆದ್ದಿತು. ಕೊರಿಯಾದ ನ್ಯಾಯಾಲಯ 1996ರಲ್ಲಿ ಸಿನಿಮಾದ ಪೂರ್ವ ಸೆನ್ಸಾರನ್ನು ಸಂವಿಧಾನಬಾಹಿರವೆಂದ ಮೇಲೆ ಕೈ ಬಿಡಿಸಿಕೊಂಡ ಪೀಳಿಗೆಯ ಕೆಲಸ ಇದು; ಮಿಲಿಟರಿ ಆಳ್ವಿಕೆಯಲ್ಲಿ ನುಂಗಿಕೊಂಡದ್ದೆಲ್ಲ ಅದರಲ್ಲಿ ಹೊರಬಿತ್ತು ಎನ್ನುವವರಿದ್ದಾರೆ. ಇರಬಹುದು. ನನಗೆ ಹಿಡಿಸಿದ್ದು ಅದಕ್ಕಿಂತ ಹಳೆಯ ಕೊರಿಯಾ.

ನೋಡಿ, ಬಿದನೂರು ಹೈದರಾಲಿಗೆ ಬಿದ್ದದ್ದು 1763ರಲ್ಲಿ. ಅದರ ಹಿಂದಿನ ವರ್ಷವೇ, 1762ರ ಬೇಸಗೆಯಲ್ಲಿ, ಕೊರಿಯಾದ ಅರಸ ಯೊಂಗ್ಜೊ ತನ್ನ ಮಗ ಯುವರಾಜ ಸಾದೊನನ್ನು ಅಕ್ಕಿ ತುಂಬುವ ಮರದ ಪೆಟ್ಟಿಗೆಗೆ ಇಳಿಸಿ ಮುಚ್ಚಳ ಹಾಕಿಸಿದ. ಎಂಟು ದಿನಕ್ಕೆ ಒಳಗಿನ ಸದ್ದು ನಿಂತಿತು. ಅಲ್ಲೂ ಕತ್ತಿಯಿಲ್ಲ. ಅಲ್ಲಿ ಪೆಟ್ಟಿಗೆ, ಇಲ್ಲಿ ಬಚ್ಚಲು. ಸಾದೊನ ಮಗ 1776ರಲ್ಲಿ ಪಟ್ಟಕ್ಕೆ ಬಂದ ದಿನ ಆಸ್ಥಾನದ ಮುಂದೆ, ತಾನು ಸಾದೊನ ಮಗ ಎಂದು ಸಾರಿದನಂತೆ. ಅಪ್ಪನ ಸಾವಿಗೆ ತಲೆಯಾಡಿಸಿದವರಲ್ಲಿ ಕೆಲವರು ಎದುರಿಗೇ ನಿಂತಿದ್ದರು. ಇದನ್ನು ಸಿನಿಮಾ ಮಾಡಿದವನು ಲೀ ಜೂನ್-ಇಕ್, 2015ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲು ಅವನೇ ಯೊನ್ಸಾನ್‌ಗುನ್ ಎಂಬ ಅರಸನ ಮೇಲೂ ಒಂದು ಚಿತ್ರ ಮಾಡಿದ್ದ: ತಾಯಿಗೆ ವಿಷ ಕುಡಿಸಿ ಕೊಂದದ್ದಕ್ಕೆ 1504ರಲ್ಲಿ ಆಸ್ಥಾನವನ್ನೇ ಕತ್ತರಿಸಿ ಹಾಕಿದವನು. ಅದರಲ್ಲಿ ಗುಟ್ಟನ್ನು ಅರಸನೆದುರು ಆಡಿ ತೋರಿಸುವವರು ಊರೂರು ಅಲೆಯುವ ಆಟದವರು. ಮೇಳದ ಜೊತೆ ಬೆಳೆದ ನಮಗೆ ಇದಕ್ಕಿಂತ ಹತ್ತಿರದ ಸಿನಿಮಾ ಬೇಕೆ?

ಈಗ ನಮ್ಮ ಅರಮನೆಗೆ. ಕೆಳದಿಯ ಚೌಡಪ್ಪನಿಂದ ಹಿಡಿದು ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಿಸುತ್ತ ಎರಡೂವರೆ ಶತಮಾನ ಆಳಿದ ಮನೆತನ. ಶಿವಪ್ಪ ನಾಯಕನ ಶಿಸ್ತು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮಾಜಿ, ಇವೆಲ್ಲ ಶಾಲೆಯಲ್ಲಿ ಓದಿದ್ದೇ. ಶಾಲೆಯಲ್ಲಿ ಹೇಳದೆ ಬಿಟ್ಟದ್ದು ಕೊನೆಯ ಆರು ವರ್ಷ. ಹುಡುಗ ಸತ್ತ ಮೇಲೆ ವೀರಮ್ಮಾಜಿ ಇನ್ನೊಬ್ಬ ಮಗುವನ್ನು, ಸೋಮಶೇಖರನನ್ನು, ದತ್ತು ತೆಗೆದುಕೊಂಡು ರಾಜ್ಯ ನಡೆಸಿದಳು. 1763ರ ಆರಂಭದಲ್ಲಿ ಹೈದರ ಚಿತ್ರದುರ್ಗದ ಕಡೆ ಇದ್ದಾಗ, ಅಲ್ಲಿನ ಪಾಳೆಯಗಾರ ಒಬ್ಬ ಯುವಕನನ್ನು ಮುಂದೆ ತಂದು ನಿಲ್ಲಿಸಿದ. ಇವನೇ ಚೆನ್ನಬಸಪ್ಪ, ಜಟ್ಟಿ ಕೊಲ್ಲದೆ ಬಚ್ಚಿಟ್ಟಿದ್ದ, ಈಗ ತನ್ನ ರಾಜ್ಯ ಕೇಳಲು ಬಂದಿದ್ದಾನೆ! ಸತ್ತವನು ಎದ್ದು ಬಂದ. ನ್ಯಾಯ ಕೊಡಿಸುವ ನೆಪದಲ್ಲಿ ದಂಡು ಘಟ್ಟದ ಕಡೆ ತಿರುಗಿತು. ಒಂದೊಂದು ಊರು ದಾಟಿದಂತೆ ರಾಣಿ ಕೊಡುವೆನೆಂದ ಹೊನ್ನಿನ ಮೊತ್ತ ಏರುತ್ತ ಹೋಯಿತು. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಹೈದರನಿಗೆ ಬಿದನೂರಿನ ಗುಪ್ತದಾರಿ ತೋರಿಸಿದ. ಅವನದೂ ಒಂದು ಸೇಡು, ಅದಕ್ಕೆ ಯಾರೂ ನಾಟಕ ಬರೆದಿಲ್ಲ.

ಮಾರ್ಚ್‌ನಲ್ಲಿ ಊರು ಬಿತ್ತು. ರಾಣಿ ಅರಮನೆಗೆ ಬೆಂಕಿ ಇಡಿಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು, ಅಲ್ಲಿ ಸಿಕ್ಕಿಬಿದ್ದಳು. ಹೈದರ ಬೆಂಕಿ ಆರಿಸಿ ಖಜಾನೆ ಹಿಡಿದ, ಊರಿಗೆ ಹೈದರ್‌ನಗರವೆಂದು ಹೆಸರಿಟ್ಟ. ನಗರ ಎನ್ನುವ ಹೆಸರು ಉಳಿದದ್ದು ಅದರಿಂದ. ಆಮೇಲಿನ ತಿರುವು ಪಾರ್ಕ್ ಚಾನ್-ವುಕ್‌ಗೂ ಹೊಳೆಯುತ್ತಿರಲಿಲ್ಲ. ರಾಣಿ, ದತ್ತು ಮಗು, ನಿಂಬಯ್ಯ, ಜೊತೆಗೆ ಯಾರ ರಾಜ್ಯ ವಾಪಸು ಕೊಡಿಸಲು ದಂಡು ಬಂದಿತ್ತೋ ಆ ‘ಚೆನ್ನಬಸಪ್ಪ’, ಎಲ್ಲರನ್ನೂ ಮಧುಗಿರಿ ಕೋಟೆಯ ಒಂದೇ ಸೆರೆಗೆ ಹೈದರ ಹಾಕಿಸಿದನೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಹೇಳುತ್ತಾನೆ. ಕೊಲ್ಲಿಸಿದವಳು, ಕೊಲೆಯಾದವನು ಎದುರುಬದುರು. ಅವನು ನಕಲಿಯಾಗಿದ್ದರೆ ಅವಳಿಗೆ ಖಂಡಿತ ಗೊತ್ತಿರುತ್ತದೆ, ಅಸಲಿಯಾಗಿದ್ದರೂ ಗೊತ್ತಿರುತ್ತದೆ. ನಾಲ್ಕು ವರ್ಷ ಏನು ಮಾತಾಡಿಕೊಂಡರೋ. 1767ರಲ್ಲಿ ಪೇಶ್ವೆ ಮಾಧವರಾಯ ಮಧುಗಿರಿ ಗೆದ್ದು ಬಿಡಿಸಿದ. ಪುಣೆಯ ದಾರಿಯಲ್ಲಿ ರಾಣಿ ತೀರಿಕೊಂಡಳು ಎನ್ನುತ್ತಾರೆ.

ಕಥೆ ಅಷ್ಟಕ್ಕೇ ಸಾಯಲಿಲ್ಲ. 1830ರಲ್ಲಿ ಕಂದಾಯದ ಕಾಟಕ್ಕೆ ರೈತರು ಕೂಟ ಕಟ್ಟಿ ತಿರುಗಿಬಿದ್ದಾಗ ಅವರ ಮುಂದೆ ಬಂದು ನಿಂತವನು ಬೂದಿ ಬಸವಪ್ಪ, ನಗರದ ಅರಸರ ವಂಶದವನೆಂದು ಹೇಳಿಕೊಂಡು. ನಿಜವಾದ ಹೆಸರು ಸಾದರಮಲ್ಲ, ಮತ್ತೆ ಅದೇ ಕುಂಸಿಯ ರೈತನ ಮಗ. ಅರಮನೆಯ ಬಳಕೆಯಿದ್ದ ಜಂಗಮರೊಬ್ಬರಿಂದ ಹಳೆಯ ಮುದ್ರೆಯುಂಗುರ ಅವನ ಕೈಗೆ ಬಂದಿತ್ತಂತೆ. ಆ ನಗರ ದಂಗೆಯ ನೆಪದಲ್ಲೇ 1831ರಲ್ಲಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ನ್ಯಾಯ ಸಿಗದ ಅರಸುಮನೆ ಎಂದರೆ ಜನರಿಗೆ ಅಷ್ಟು ನಂಬಿಕೆ, ಅರಸನ ಗುರುತು ಕೇಳುವವರಿರಲಿಲ್ಲ.

ಇದಾಗಿ ನೂರು ವರ್ಷಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರೊಬ್ಬರು ಈ ಅರಮನೆಯನ್ನು ಮತ್ತೆ ತೆರೆದರು. ಕುವೆಂಪು ಅವರ ‘ರಕ್ತಾಕ್ಷಿ’ ನಾಟಕ, 1932. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಅದು, ಆದರೆ ಡೆನ್ಮಾರ್ಕಿನ ಜಾಗದಲ್ಲಿ ಬಿದನೂರು. ನನ್ನ ಮಟ್ಟಿಗೆ ಕುವೆಂಪು ಮಾಡಿದ ದೊಡ್ಡ ಕೆಲಸ ಊರು ಬದಲಿಸಿದ್ದಲ್ಲ, ಹೆಣ್ಣನ್ನು ಬದಲಿಸಿದ್ದು. ಅಲ್ಲಿ ಒಫೀಲಿಯಾ ಹುಚ್ಚು ಹಿಡಿದು ಹೊಳೆಗೆ ಬಿದ್ದು ಸಾಯುತ್ತಾಳೆ. ಇಲ್ಲಿ ಆ ಜಾಗದಲ್ಲಿರುವ ರುದ್ರಾಂಬೆ ಸಾಯುವುದಿಲ್ಲ, ರಕ್ತಾಕ್ಷಿಯಾಗುತ್ತಾಳೆ, ಸೇಡನ್ನು ತಾನೇ ಕೈಗೆತ್ತಿಕೊಳ್ಳುತ್ತಾಳೆ. ರಾಜಕುಮಾರ ಯೋಚಿಸುತ್ತಾ ಕೂತರೆ ಕೂರಲಿ, ಮಲೆನಾಡಿನ ಹೆಂಗಸು ಕೂರುವವಳಲ್ಲ.

‘ಲೇಡಿ ವೆಂಜೆನ್ಸ್’ ನೋಡುವಾಗ ನನಗೆ ಈ ರುದ್ರಾಂಬೆ ಎದುರಿಗೆ ಬಂದಳು. ಅದರ ನಾಯಕಿ ಗುಂ-ಜಾ ಮಾಡದ ಕೊಲೆಗೆ ಹದಿಮೂರು ವರ್ಷ ಜೈಲಿನಲ್ಲಿದ್ದು ಹೊರಬಂದವಳು. ತಾನು ಪಾಪದವಳಂತೆ ಕಾಣಬಾರದೆಂದು ರೆಪ್ಪೆಗೆ ಕೆಂಪು ಬಣ್ಣ ಬಳಿದುಕೊಳ್ಳುತ್ತಾಳೆ. ಆಮೇಲೆ ಮಕ್ಕಳನ್ನು ಕಳೆದುಕೊಂಡ ಅಪ್ಪ-ಅಮ್ಮಂದಿರನ್ನು ಪಾಳುಬಿದ್ದ ಶಾಲೆಯೊಂದರಲ್ಲಿ ಸೇರಿಸಿ, ಹಂತಕನನ್ನು ಏನು ಮಾಡೋಣ ಎಂದು ಕೇಳುತ್ತಾಳೆ. ಅವರು ಚರ್ಚಿಸುತ್ತಾರೆ, ಸರದಿ ಹಚ್ಚುತ್ತಾರೆ, ಮೈಗೆ ಹಾರದಿರಲೆಂದು ಪ್ಲಾಸ್ಟಿಕ್ ಅಂಗಿ ತೊಡುತ್ತಾರೆ. ಮುಗಿದ ಮೇಲೆ ಒಟ್ಟಿಗೆ ಕೇಕು ತಿನ್ನುತ್ತಾರೆ. ಸಿನಿಮಾದಲ್ಲಿ ನನ್ನನ್ನು ಹೆದರಿಸಿದ್ದು ಆ ಕೇಕು.

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ತಕರಾರು ಹೇಳಲೇಬೇಕು. ವೀರಮ್ಮಾಜಿ-ನಿಂಬಯ್ಯನ ಕಥೆಗೆ ಸಾಕ್ಷಿ ಏನು? ಅದನ್ನು ವಿಸ್ತಾರವಾಗಿ ಬರೆದವನು ಮಾರ್ಕ್ ವಿಲ್ಕ್ಸ್, ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟ್ ಆಗಿದ್ದವನು. ಅವನ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ, ಅಂದರೆ ಹುಡುಗ ಸತ್ತು ಐವತ್ತಮೂರು ವರ್ಷದ ಮೇಲೆ. ಗೆಜೆಟಿಯರ್ ಬರೆದವರು ಅದನ್ನೇ ಎತ್ತಿಕೊಂಡರು. ಈ ಕಥೆಯಿಂದ ಲಾಭ ಯಾರಿಗಾಯಿತೆಂದು ಯಾವ ಪೊಲೀಸನಾದರೂ ಮೊದಲು ಕೇಳುತ್ತಾನೆ. ದಾಳಿಗೆ ನೆಪ ಬೇಕಿದ್ದ ಹೈದರನಿಗೆ ಆಯಿತು. ರಾಣಿ ಕೊಲೆಗಡುಕಿ, ಜಾರಿಣಿ ಎಂದಾದರೆ ಅವಳ ಊರು ಹಿಡಿದದ್ದು ಕೊಳ್ಳೆಯಲ್ಲ, ಧರ್ಮ. ವಿಧವೆಯೊಬ್ಬಳು ರಾಜ್ಯ ಆಳಿದರೆ ಪಕ್ಕದಲ್ಲಿ ಗಂಡಸೊಬ್ಬನನ್ನು ಇಟ್ಟು ಮಾತಾಡುವುದು ನಮ್ಮೂರ ಜಗಲಿಗಳಿಗೂ ಹೊಸತಲ್ಲ. ಕೊರಿಯಾದಲ್ಲಿ ಸಾದೊನ ಹೆಂಡತಿ ಹ್ಯೆಗ್ಯೊಂಗ್ ಮುಪ್ಪಿನಲ್ಲಿ ಕೂತು ತನ್ನ ನೆನಪು ಬರೆದಿಟ್ಟಳು. ತವರಿನ ಮೇಲಿನ ಆರೋಪ ತೊಳೆಯುವ ಉದ್ದೇಶವೂ ಅದರಲ್ಲಿತ್ತು, ಇರಲಿ, ಅವಳ ಕಡೆಯ ಮಾತು ಅಂತ ಒಂದಿದೆ. ವೀರಮ್ಮಾಜಿಯ ಕಡೆಯ ಮಾತು ಒಂದು ಸಾಲೂ ನಮಗೆ ಬಂದಿಲ್ಲ.

(‘ಓಲ್ಡ್‌ಬಾಯ್’ ನೋಡದವರು, ನೋಡುವ ಮನಸ್ಸಿದ್ದವರು ಮುಂದಿನ ಪ್ಯಾರಾ ಬಿಟ್ಟು ಓದಿ.)

ಆ ಚಿತ್ರದಲ್ಲಿ ಒಬ್ಬನನ್ನು ಕಾರಣ ಹೇಳದೆ ಹದಿನೈದು ವರ್ಷ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಹೊರಬಂದವನು ಯಾರು, ಯಾಕೆ ಎಂದು ಹುಡುಕುತ್ತಾ ಹೋಗುತ್ತಾನೆ. ಕಡೆಗೆ ತಿಳಿಯುವುದಿಷ್ಟು: ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿಯ ಬಗ್ಗೆ ಕಂಡದ್ದನ್ನು ಗೆಳೆಯನ ಕಿವಿಯಲ್ಲಿ ಹೇಳಿ ಇವನು ಮರೆತುಬಿಟ್ಟಿದ್ದ. ಮಾತು ಬಾಯಿಂದ ಬಾಯಿಗೆ ಬೆಳೆಯಿತು, ಹುಡುಗಿ ಸತ್ತಳು. ಸೇಡೆಲ್ಲ ಆ ಒಂದು ಹರಟೆಗೆ. ಕೊನೆಗೆ ಅವನು ತನ್ನ ನಾಲಿಗೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ.

ನಗರದ ಕೋಟೆ ನೋಡಲು ಬಂದವರು ನನ್ನಂಥ ಹಳಬರು ಸಿಕ್ಕರೆ ಮೊದಲು ಕೇಳುವುದು ರಾಣಿಯ ಪ್ರಿಯಕರನ ಸುದ್ದಿ. ಕೆರೆಯ ನೀರು ಎಲ್ಲಿಂದ ಬರುತ್ತಿತ್ತು, ಆರು ವರ್ಷ ಒಬ್ಬ ಹೆಂಗಸು ಮರಾಠರನ್ನೂ ಮೈಸೂರನ್ನೂ ಹೇಗೆ ಸಂಭಾಳಿಸಿದಳು ಎಂದು ಕೇಳುವವರು ಕಡಿಮೆ. ಕುವೆಂಪು ಕವಿ, ಹ್ಯಾಮ್ಲೆಟ್ಟಿಗೆ ಮನೆ ಹುಡುಕುತ್ತಿದ್ದರು; ಅವರಿಗೆ ಆ ಸ್ವಾತಂತ್ರ್ಯವಿತ್ತು. ಇತಿಹಾಸ ಹೇಳುವ ನಮಗಿಲ್ಲ. ಬಚ್ಚಲುಮನೆಯ ಕೊಲೆ ನಡೆದಿರಲೂಬಹುದು. ಆದರೆ ಅದನ್ನು ರಾಣಿಯ ತಲೆಗೆ ಕಟ್ಟಲು ಇರುವ ಸಾಕ್ಷ್ಯ ಯಾವ ಕೋರ್ಟಿನಲ್ಲೂ ನಿಲ್ಲುವಂಥದ್ದಲ್ಲ, ಇದು ನನ್ನ ತೀರ್ಪು.

ಸಾಗರ, ಹೊಸನಗರ, ತೀರ್ಥಹಳ್ಳಿಯ ನಾಟಕದ ಹುಡುಗ ಹುಡುಗಿಯರಲ್ಲಿ ಒಂದು ಮಾತು. ಕೊರಿಯಾದ ಸಿನಿಮಾ ನೋಡಿ, ಬೇಡ ಅನ್ನುವುದಿಲ್ಲ. ಮಳೆಗಾಲ ಕಳೆದ ಮೇಲೆ ‘ರಕ್ತಾಕ್ಷಿ’ಯನ್ನು ಎತ್ತಿಕೊಳ್ಳಿ, ಸಾಧ್ಯವಾದರೆ ನಗರದಲ್ಲೇ ಆಡಿ. ಆಟ ಶುರುವಾಗುವ ಮುಂಚೆ ಯಾರಾದರೊಬ್ಬರು ರಂಗದ ಮುಂದೆ ಬಂದು, ಇದು ನಾಟಕ, ವೀರಮ್ಮಾಜಿಯ ಚರಿತ್ರೆಯಲ್ಲ ಎಂದು ಜನಕ್ಕೆ ಸ್ಪಷ್ಟವಾಗಿ ಹೇಳಿಬಿಡಿ.