ಹುಲಿಯ ಜೋಳಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಹುಲಿಯೆಂದರೆ ಮೊಹರಮ್ಮಿನ ಹುಲಿ. ಹರಕೆ ಹೊತ್ತ ಹುಡುಗ ಮೈಗೆ ಬಣ್ಣ ಬಳಿದುಕೊಂಡು ಬಾಗಿಲಿಗೆ ಬಂದು ಕುಣಿದರೆ ಅವ್ವ ಒಂದು ಬೊಗಸೆ ಜೋಳ ಹಾಕುತ್ತಿದ್ದಳು.

ಕಾಡಿನ ಹುಲಿಯೂ ಹೀಗೆ ಜೋಳಿಗೆ ಒಡ್ಡಬೇಕಾಯಿತೆಂದು ನನಗೆ ತಿಳಿದದ್ದು ಬಹಳ ತಡವಾಗಿ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಸರಕಾರದ ಹಣದ ಜೊತೆಗೆ ಹತ್ತು ಲಕ್ಷ ಡಾಲರ್ ಕೂಡಿಸಿಕೊಡುವುದಾಗಿ ವಿಶ್ವ ವನ್ಯಜೀವಿ ನಿಧಿ ಮಾತು ಕೊಟ್ಟಿತ್ತು. ಆಮೇಲೆ ಕಂಪನಿಗಳೂ ಬಂದವು. ಹುಲಿಯ ಚಿತ್ರ ತೋರಿಸಿ ಪೆಟ್ರೋಲ್ ಮಾರಿದ ಎಕ್ಸಾನ್ 1995ರಲ್ಲಿ ಹುಲಿಗಾಗಿಯೇ ಒಂದು ನಿಧಿಗೆ ಹಣವಿತ್ತಿತು. 2010ರಲ್ಲಿ ಮೊಬೈಲ್ ಕಂಪನಿ ಏರ್‌ಸೆಲ್, ದೇಶದಲ್ಲಿ ಉಳಿದಿರುವುದು 1411 ಹುಲಿ ಮಾತ್ರವೆಂದು ಟೀವಿಯಲ್ಲಿ ಸಾರಿತು. 2018ರಲ್ಲಿ ಆ ಕಂಪನಿಯೇ ದಿವಾಳಿಯಾಯಿತು. ಹುಲಿ ಮಾತ್ರ ಹೇಗೋ ಬದುಕಿತು. 2022ರ ಗಣತಿಯಲ್ಲಿ ಕರ್ನಾಟಕವೊಂದರಲ್ಲೇ 563.

ಹಣ ಕೊಟ್ಟವರ ಹೆಸರು ಜಾಹೀರಾತಿನಲ್ಲಿ ಬಂತು. ಆದರೆ 2001-02ರಲ್ಲಿ ಭದ್ರಾ ಕಾಡಿನೊಳಗಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದು ನೆಲೆಸಿದವಲ್ಲ, ಅವರದು? ಜಮೀನು ಸಿಕ್ಕಿತು, ಶಾಲೆ, ಆಸ್ಪತ್ರೆ ಹತ್ತಿರವಾದವು, ನಿಜ. ಆದರೂ ಹುಟ್ಟಿದೂರಿನ ಒಲೆ ಕಿತ್ತು ಇನ್ನೊಂದೆಡೆ ಹೂಡುವುದೆಂದರೇನು? ಆಲಮಟ್ಟಿ, ನಾರಾಯಣಪುರದ ನೀರಿಗೆ ಊರು ಬಿಟ್ಟ ನಮ್ಮ ಕೃಷ್ಣೆಯ ದಂಡೆಯ ಅಕ್ಕಂದಿರನ್ನೇ ಕೇಳಬೇಕು.

ಹುಲಿಗೆ ದಾನ ಕೊಟ್ಟವರ ಪಟ್ಟಿ ಬರೆಯುವುದಾದರೆ ಭದ್ರೆಯ ಆ ತಾಯಂದಿರ ಹೆಸರು ಮೊದಲ ಸಾಲಿನಲ್ಲಿರಲಿ. ಡಾಲರಿನ ಲೆಕ್ಕ ಆಮೇಲೆ ಬರೆದರಾಯಿತು.