ಗಿಟಾರಿನ ನಾದಗುಣ

ಒಂದೇ ಶ್ರುತಿಯ ಒಂದೇ ಸ್ವರ ಎರಡು ಗಿಟಾರುಗಳಲ್ಲಿ ಬೇರೆಬೇರೆಯಾಗಿ ಕೇಳಿಸಲು ಮುಖ್ಯ ಕಾರಣ, ಮೂಲಸ್ವರದೊಡನೆ ಹುಟ್ಟುವ ಉಪಸ್ವರಗಳ ಪ್ರಮಾಣ. ಮರದ ಗಿಟಾರಿನಲ್ಲಿ ಇದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕುದುರೆಯ (ಬ್ರಿಡ್ಜ್) ಮೂಲಕ ತಂತಿಯ ಕಂಪನವನ್ನು ಪಡೆಯುವ ತೆಳುವಾದ ಮೇಲ್ಹಲಗೆ. ಸ್ಪೇನಿನ ಗಿಟಾರು ತಯಾರಕ ಆಂತೋನಿಯೊ ದೆ ತೊರ್ರೆಸ್ 1862ರಲ್ಲಿ ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ, ಮೇಲ್ಹಲಗೆಯನ್ನು ಮಾತ್ರ ಮರದಲ್ಲಿ ಕೂರಿಸಿ ಇದನ್ನು ತೋರಿಸಿಕೊಟ್ಟ. ವಾದ್ಯ ತಯಾರಿಕೆಯಲ್ಲಿ ಇಷ್ಟು ದಿಟ್ಟ ಪ್ರಯೋಗ ಅಪರೂಪ. ಆ ಗಿಟಾರು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಬೆನ್ನಿಗೆ ಬಳಸುವ ಮರಗಳಲ್ಲಿ ಪಶ್ಚಿಮಘಟ್ಟದ ಬೀಟೆ ಹೆಸರಾದದ್ದು, ಆದರೆ ಬೆನ್ನಿನ ಪಾತ್ರ ಮೇಲ್ಹಲಗೆಯದಕ್ಕಿಂತ ಕಿರಿದು.

ವಾದ್ಯ ಬದಲಿಸದೆಯೂ ನಾದ ಬದಲಾಗುತ್ತದೆ. ಕುದುರೆಯ ಬಳಿ ಮೀಟಿದರೆ ಮೇಲಿನ ಉಪಸ್ವರಗಳು ಹೆಚ್ಚಿ ಧ್ವನಿ ಮೊನಚಾಗುತ್ತದೆ. ತಂತಿಯ ನಟ್ಟನಡುವೆ ಮೀಟಿದರೆ ಸಮಸಂಖ್ಯೆಯ ಉಪಸ್ವರಗಳು ಬಹುತೇಕ ಏಳುವುದೇ ಇಲ್ಲ. ನಾದ ಮೃದುವಾಗಿ, ತುಸು ಟೊಳ್ಳಾಗಿ ಕೇಳುತ್ತದೆ. ಉಗುರಿಗಿಂತ ಬೆರಳ ತುದಿಯ ಮೀಟು ಮೆದು. ಉಕ್ಕಿನ ತಂತಿಯ ಹೊಳಪನ್ನು ಬೆವರು, ತುಕ್ಕು ಬೇಗನೆ ಕುಂದಿಸುತ್ತವೆ. ಶಾಸ್ತ್ರೀಯ ಗಿಟಾರಿನಲ್ಲಿ 1940ರ ದಶಕದಿಂದ ಕರುಳಿನ ತಂತಿಯ ಜಾಗಕ್ಕೆ ನೈಲಾನ್ ಬಂತು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಜಾಗವೂ ನಿರ್ಣಾಯಕ: ಕುದುರೆಯ ಹತ್ತಿರದ್ದು ತೀಕ್ಷ್ಣ, ಕತ್ತಿನ ಹತ್ತಿರದ್ದು ದುಂಡು. ಆಂಪ್ಲಿಫೈಯರಿನ ವಾಲ್ವ್‌ಗಳನ್ನು ಮಿತಿಮೀರಿ ದುಡಿಸಿದಾಗ ಹೊಸ ಉಪಸ್ವರಗಳೇ ಸೇರಿಕೊಳ್ಳುತ್ತವೆ; ರಾಕ್ ಸಂಗೀತದ ಒರಟು, ಕೊಬ್ಬಿದ ನಾದ ಅದರಿಂದ ಬಂದದ್ದು.