ಒಂದು ಕಾಗದ ಕೇಸ್ ಆದ ಕತೆ

ಹಳೇ ಲೆಕ್ಕ, ಭಾಗ 7 👇

ಟಿಡಿಎಸ್ ಕ್ಲಾಸಲ್ಲಿ ನಿದ್ದೆ ಮಾಡಿದ್ರಲ್ಲ, ನಿಮಗೇ ಇದು.

2009ರಲ್ಲಿ ನಮ್ಮ ಬೆಂಗಳೂರಲ್ಲಿ ಆದಾಯ ತೆರಿಗೆ ಇಲಾಖೆಯ ಸಿಪಿಸಿ ಶುರುವಾಯ್ತು. ರಿಟರ್ನ್‌ಗಳನ್ನ ಕಂಪ್ಯೂಟರೇ ನೋಡೋ ಜಾಗ. ಕೆಲಸ ಬೇಗ ಆಯ್ತು, ಆದ್ರೆ ಟಿಡಿಎಸ್ ಹಿಡಿದವರು ನಿಮ್ಮ ಪ್ಯಾನ್ ನಂಬರ್ ತಪ್ಪಾಗಿ ಹಾಕಿದ್ರೆ, ಕಂಪ್ಯೂಟರ್ ಲೆಕ್ಕದಲ್ಲಿ ನೀವು ತೆರಿಗೆನೇ ಕಟ್ಟಿಲ್ಲ! ಹಳೇ ದಾಖಲೆಯ ತಪ್ಪು ಬಾಕಿಗಳೂ ಹಾಗೇ ಅಪ್‌ಲೋಡ್ ಆದವು. ಆ ಬಾಕಿಗೆ ರಿಫಂಡ್ ಮುರ್ಕೊಳ್ತಿದ್ರು, ಒಂದು ಮಾತೂ ಕೇಳದೆ.

2012ರಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಈ ಬಗ್ಗೆ ದೆಹಲಿ ಹೈಕೋರ್ಟಿಗೆ ಪತ್ರ ಬರೆದರು. ರಿಟ್ ಅರ್ಜಿ ಅಲ್ಲ, ಬರೀ ಪತ್ರ. ಕೋರ್ಟ್ ಅದನ್ನೇ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅಂತ ತಗೊಂಡಿತು. 2013ರ ಮಾರ್ಚ್ 14ರ ತೀರ್ಪು ಹೀಗಿತ್ತು: ರಿಫಂಡ್ ಮುರಿಯೋ ಮೊದಲು ಸೆಕ್ಷನ್ 245ರ ನೋಟಿಸ್ ಕೊಡಬೇಕು, ಜನರ ಉತ್ತರ ನೋಡಬೇಕು. ತಿದ್ದುಪಡಿ ಅರ್ಜಿಗಳಿಗೆ ರಿಜಿಸ್ಟರ್ ಇಡಬೇಕು, 6 ತಿಂಗಳಲ್ಲಿ ಮುಗಿಸಬೇಕು. (ನಂಗೆ ಇಷ್ಟ ಆಗಿದ್ದು ಆ ರಿಜಿಸ್ಟರ್. ನಂಬರ್ ಬೀಳದಿದ್ರೆ ನೀವು ಅರ್ಜಿ ಕೊಟ್ಟೇ ಇಲ್ಲ ಅಂತಾರೆ.)

ಹೋದ ತಿಂಗಳು ನಮ್ಮ ಮಾವನಿಗೂ ಇಂಥದ್ದೇ ಬಾಕಿ ನೋಟಿಸ್ ಬಂತು. "ಕಟ್ಟಿ ಬಿಸಾಕೋಣ, ಯಾರಿಗ್ ಬೇಕು ಗಲಾಟೆ" ಅಂದ್ರು. ನಾನು ಅವರ ಬಿಲ್‌ಗಳನ್ನ 26ಎಎಸ್ ಪಕ್ಕ ಇಟ್ಟು ನೋಡಿದೆ. ಹಿಡಿದ ಟಿಡಿಎಸ್‌ನಲ್ಲಿ ಅರ್ಧ ಅಲ್ಲಿ ಇಲ್ಲವೇ ಇಲ್ಲ! ಪೋರ್ಟಲ್‌ನಲ್ಲಿ ಡಿಮ್ಯಾಂಡ್ ಒಪ್ಪಲ್ಲ ಅಂತ ಕಾರಣ ಸಮೇತ ಉತ್ತರ ಹಾಕಿದ್ವಿ. ಟಿಡಿಎಸ್ ಹಿಡಿದವರಿಗೂ ಅವರ ಸ್ಟೇಟ್‌ಮೆಂಟ್ ತಿದ್ದಿ ಅಂತ ಬರೆದ್ವಿ.

ಇನ್ನೂ ಏನೂ ತೀರ್ಮಾನ ಆಗಿಲ್ಲ. ಮಾವ ದಿನಾ ಆ ನಂಬರ್ ಇರೋ ಸ್ಕ್ರೀನ್‌ಶಾಟ್ ತೆಗೆದು ನೋಡ್ತಾರೆ.